ನಾಯಿಯ ಉಗುರು ಕತ್ತರಿಸಲು ಯಾವ ಸಲಕರಣೆ ಕೊಳ್ಳಬೇಕು? ಮನೆಯಲ್ಲೇ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯಲ್ಲಾಗಲಿ ಧಾರವಾಡದಲ್ಲಾಗಲಿ ಪೆಟ್ ಶಾಪ್‌ಗೆ ಹೋಗಿ "ನಾಯಿ ಉಗುರು ಕತ್ತರಿಸೋದು ಕೊಡ್ರಿ" ಅಂತ ಕೇಳಿದರೆ ಎರಡು ಮೂರು ಬಗೆ ತೆಗೆದು ಮುಂದಿಡುತ್ತಾರೆ. ಒಂದು ಇಕ್ಕಳದ ಥರ ಇರುತ್ತದೆ. ಒಂದಕ್ಕೆ ತುದಿಯಲ್ಲಿ ತೂತು. ಇನ್ನೊಂದು ಬ್ಯಾಟರಿಯದು. "ಯಾವುದು ಚಲೋ ಅಣ್ಣಾ?" ಅಂದರೆ ಕೈ ದುಬಾರಿಯದರ ಕಡೆಗೇ ಹೋಗುವುದು ಜಾಸ್ತಿ.

ಬೆಲೆ ನೋಡಿ ಆರಿಸುವ ಸಾಮಾನು ಇದಲ್ಲ. ನಾಯಿಯ ಉಗುರು ಎಷ್ಟು ದಪ್ಪ, ಅದರ ಬಣ್ಣ ಏನು, ನಾಯಿ ಸದ್ದಿಗೆ ಹೆದರುತ್ತದಾ, ನಿಮ್ಮ ಕೈಯಲ್ಲಿ ಎಷ್ಟು ಬಿಗಿ ಇದೆ, ಇಷ್ಟು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನ ಮನೆಗಳಿಗೆ ಹರಿತವಾದ ಒಂದು ಇಕ್ಕಳದ ಕತ್ತರಿ, ಒಂದು ಅರ, ರಕ್ತ ನಿಲ್ಲಿಸುವ ಪುಡಿಯ ಒಂದು ಸಣ್ಣ ಡಬ್ಬಿ ಸಾಕು. ಉಗುರು ತೇಯುವ ಬ್ಯಾಟರಿ ಗ್ರೈಂಡರ್ ಕೆಲವು ನಾಯಿಗಳಿಗೆ ಬೇಕೇ ಬೇಕು, ಉಳಿದವಕ್ಕೆ ಸುಮ್ನೆ ಖರ್ಚು.

ಅಂಗಡಿಗೆ ಹೋಗುವ ಮೊದಲು ಉಗುರು ನೋಡಿ

ನಾಯಿಯ ಉಗುರಿನಲ್ಲಿ ಎರಡು ಪದರ. ಹೊರಗಿನದು ಗಟ್ಟಿ ಚಿಪ್ಪು, ಅದಕ್ಕೆ ನೋವಿಲ್ಲ. ಒಳಗೆ ರಕ್ತನಾಳ, ನರ ಇರುವ ಮೆತ್ತನೆ ತಿರುಳು. ಪಶುವೈದ್ಯರು ಇದನ್ನು ಕ್ವಿಕ್ ಅನ್ನುತ್ತಾರೆ. ಕಾರಹುಣ್ಣಿಮೆ ಹೊತ್ತಿಗೆ ಎತ್ತಿನ ಕೊಂಬು ಹೆರೆಯುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು: ಮೇಲೆ ಮೇಲೆ ಹೆರೆದರೆ ಏನೂ ಆಗದು, ಒಳಗಿನ ಜೀವಕ್ಕೆ ತಾಗಿದರೆ ರಕ್ತ. ನಾಯಿಯ ಉಗುರೂ ಹಾಗೇ.

ಬಿಳಿ ಉಗುರಾದರೆ ತಿರುಳು ಗುಲಾಬಿ ಬಣ್ಣದಲ್ಲಿ ಹೊರಗಿನಿಂದಲೇ ಕಾಣುತ್ತದೆ. ಬೆಳಕಿಗೆ ಹಿಡಿದರೆ ಇನ್ನೂ ಸ್ಪಷ್ಟ. ಕಪ್ಪು ಉಗುರಲ್ಲಿ ಏನೂ ಕಾಣುವುದಿಲ್ಲ. ಒಂದೇ ಪಾದದಲ್ಲಿ ಎರಡು ಬಿಳಿ, ಎರಡು ಕಪ್ಪು ಉಗುರು ಇರುವ ನಾಯಿಗಳೂ ಬೇಕಾದಷ್ಟಿವೆ. ಹಾಗಿದ್ದರೆ ಬಿಳಿಯದನ್ನು ಮೊದಲು ನೋಡಿ, ತಿರುಳು ಎಲ್ಲಿವರೆಗೆ ಬಂದಿದೆ ಅಂತ ಅಂದಾಜು ಸಿಗುತ್ತದೆ.

ಸಾಮಾನ್ಯವಾಗಿ ಒಂದು ನಾಯಿಗೆ 18 ಉಗುರು. ನಾಲ್ಕೂ ಪಾದಕ್ಕೆ ನಾಲ್ಕು ನಾಲ್ಕು, ಜೊತೆಗೆ ಮುಂಗಾಲುಗಳ ಒಳಬದಿಯಲ್ಲಿ ಮೇಲಕ್ಕೆ ಒಂದೊಂದು ಹೆಬ್ಬೆರಳಿನ ಉಗುರು. ಕೆಲವು ನಾಯಿಗಳಿಗೆ ಹಿಂಗಾಲಲ್ಲೂ ಇರುತ್ತದೆ. ಈ ಹೆಬ್ಬೆರಳಿನ ಉಗುರನ್ನು ಮರೆಯಬೇಡಿ. ಅದು ನೆಲಕ್ಕೆ ತಾಗುವುದಿಲ್ಲ, ಹಾಗಾಗಿ ಸವೆಯುವುದೂ ಇಲ್ಲ. ಬಿಟ್ಟರೆ ಸುತ್ತಿಕೊಂಡು ಬೆಳೆದು ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ. ಉದ್ದ ಕೂದಲಿನ ಪೊಮೆರೇನಿಯನ್‌ನಲ್ಲಿ ಕೂದಲು ಸರಿಸಿ ಹುಡುಕಬೇಕು.

ಈಗ ನೆಲ. ದಿನಾ ಕಾಂಕ್ರೀಟ್, ಡಾಂಬರಿನ ಮೇಲೆ ಓಡಾಡುವ ನಾಯಿಯ ಉಗುರು ತಾನಾಗಿ ಸ್ವಲ್ಪ ಸವೆಯುತ್ತದೆ. ವಿದ್ಯಾನಗರದ ಫ್ಲ್ಯಾಟ್‌ನಲ್ಲಿ ನುಣುಪು ಟೈಲ್ಸ್ ಮೇಲೆಯೇ ಇರುವ ನಾಯಿಗೆ ಆ ಸೌಲಭ್ಯ ಇಲ್ಲ. ನವಲಗುಂದ, ಗದಗ ಕಡೆಯ ಎರೆಮಣ್ಣಿನ ಹೊಲದಲ್ಲಿ ಓಡುವ ನಾಯಿಗೂ ಅಷ್ಟೇ, ಮೆತ್ತನೆ ಮಣ್ಣು ಉಗುರು ಸವೆಸುವುದಿಲ್ಲ. ಮಳೆಗಾಲದಲ್ಲಂತೂ ಆ ಮಣ್ಣು ಉಗುರಿನ ಬುಡಕ್ಕೆ, ಬೆರಳ ಸಂದಿಗೆ ಗಚ್ಚಿನಂತೆ ಅಂಟಿಕೊಂಡಿರುತ್ತದೆ. ಅದನ್ನು ಬೆಚ್ಚಗಿನ ನೀರಲ್ಲಿ ತೊಳೆದು ಒರೆಸದೆ ಕತ್ತರಿ ಹಚ್ಚಬೇಡಿ. ಮಣ್ಣಿನ ಕಣ ಬಾಯಿಯ ಅಂಚನ್ನು ಮೊಂಡು ಮಾಡುತ್ತದೆ, ಉಗುರೂ ಸರಿಯಾಗಿ ಕಾಣುವುದಿಲ್ಲ.

ಉಗುರು ಹೆಚ್ಚಾಗಿದೆಯಾ ಅಂತ ತಿಳಿಯಲು ನಾಯಿಯನ್ನು ಸಮ ನೆಲದ ಮೇಲೆ ನೇರ ನಿಲ್ಲಿಸಿ. ಉಗುರಿನ ತುದಿಯ ಕೆಳಗೆ ಒಂದು ಕಾಗದ ಸರಾಗವಾಗಿ ಜಾರಿದರೆ ಸರಿ ಇದೆ. ತುದಿ ನೆಲಕ್ಕೆ ಒತ್ತಿ ಬೆರಳು ಮೇಲಕ್ಕೆ ಅಥವಾ ಪಕ್ಕಕ್ಕೆ ತಿರುಗಿದ್ದರೆ ತಡ ಆಗಿದೆ.

ಇಕ್ಕಳದ ಕತ್ತರಿ: ಮೊದಲ ಆಯ್ಕೆ

ಎರಡು ಹಿಡಿಕೆ, ನಡುವೆ ಸ್ಪ್ರಿಂಗ್, ಮುಂದೆ ಅರ್ಧಚಂದ್ರದ ಹಾಗೆ ಬಾಗಿದ ಎರಡು ಅಲಗು. ಎರಡೂ ಕಡೆಯಿಂದ ಬಂದು ಉಗುರನ್ನು ಕತ್ತರಿಸುತ್ತವೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ನಮ್ಮ ಮುಧೋಳ, ಊರ ನಾಯಿ, ಎಲ್ಲಕ್ಕೂ ನಡೆಯುತ್ತದೆ. ಎಲ್ಲಿ ಕತ್ತರಿಸುತ್ತಿದ್ದೀರಿ ಅಂತ ಕಣ್ಣಿಗೆ ಕಾಣುವುದು ಇದರ ದೊಡ್ಡ ಲಾಭ. ಹೊಸಬರಿಗೆ ನಾನು ಇದನ್ನೇ ಹೇಳುವುದು.

ಕೊಳ್ಳುವಾಗ ಅಳತೆ ನೋಡಿ. ಪುಟ್ಟ ಕತ್ತರಿ ಲ್ಯಾಬ್‌ನ ಉಗುರಿಗೆ ಹಿಡಿದರೆ ಕತ್ತರಿಸುವುದಿಲ್ಲ, ಹಿಸುಕುತ್ತದೆ. ಹಿಸುಕಿದಾಗ ತಿರುಳಿಗೆ ತಾಗದೇ ಇದ್ದರೂ ನಾಯಿಗೆ ನೋವಾಗುತ್ತದೆ, ಉಗುರು ಉದ್ದಕ್ಕೆ ಸೀಳಲೂಬಹುದು. ಹಾಗಂತ ದೊಡ್ಡದು ತಂದು ಪಗ್ ಅಥವಾ ಪೊಮೆರೇನಿಯನ್‌ಗೆ ಹಚ್ಚಿದರೆ ಅಲಗು ಉಗುರನ್ನೇ ಮರೆಮಾಡುತ್ತದೆ, ಎಷ್ಟು ಹೋಯಿತು ಅಂತ ತಿಳಿಯುವುದಿಲ್ಲ. ಬಾಯಿ ತೆರೆದಾಗ ಉಗುರಿನ ದಪ್ಪಕ್ಕಿಂತ ತುಸು ಹೆಚ್ಚು ಜಾಗ ಇದ್ದರೆ ಸರಿ.

ಹಿಡಿಕೆಗೆ ರಬ್ಬರ್ ಇರಲಿ. ನಾಯಿ ಕಾಲು ಎಳೆದಾಗ ಬೆವರಿದ ಕೈಯಲ್ಲಿ ಬರೀ ಸ್ಟೀಲ್ ಜಾರುತ್ತದೆ. ಹಿಡಿಕೆ ಮುಚ್ಚಿಡುವ ಲಾಕ್ ಇದ್ದರೆ ಮಕ್ಕಳಿರುವ ಮನೆಗೆ ಅನುಕೂಲ. ಆ ಲಾಕ್ ಸಡಿಲವಾಗಿದ್ದರೆ ಕೆಲಸದ ಮಧ್ಯೆ ತಾನೇ ಬಿದ್ದು ತೊಂದರೆ ಕೊಡುತ್ತದೆ, ಅಂಗಡಿಯಲ್ಲೇ ನಾಲ್ಕು ಸಲ ತೆಗೆದು ಹಾಕಿ ನೋಡಿ.

ಕೆಲವು ಕತ್ತರಿಗಳಲ್ಲಿ ಅಲಗಿನ ಹಿಂದೆ ಒಂದು ಪುಟ್ಟ ತಗಡು ಇರುತ್ತದೆ. ಜಾಸ್ತಿ ಕತ್ತರಿಸದಂತೆ ತಡೆಯುತ್ತದೆ ಅಂತ ಬಾಕ್ಸ್ ಮೇಲೆ ಬರೆದಿರುತ್ತಾರೆ. ಅದನ್ನು ನಂಬಿ ಕೂರಬೇಡಿ. ತಿರುಳಿನ ಉದ್ದ ನಾಯಿಯಿಂದ ನಾಯಿಗೆ ಬೇರೆ, ಬಹಳ ದಿನ ಕತ್ತರಿಸದ ಉಗುರಲ್ಲಿ ಅದು ತುದಿಯ ಹತ್ತಿರಕ್ಕೇ ಬಂದಿರುತ್ತದೆ. ತಗಡಿಗೆ ಅದೇನು ಗೊತ್ತು?

ಗಿಲೊಟಿನ್ ಕತ್ತರಿ

ತೂತಿನೊಳಗೆ ಉಗುರು ತೂರಿಸಿ ಹಿಡಿಕೆ ಒತ್ತಿದರೆ ಒಂದೇ ಅಲಗು ಜಾರಿ ಬಂದು ಕತ್ತರಿಸುತ್ತದೆ. ಸಣ್ಣ, ಮಧ್ಯಮ ನಾಯಿಗಳ ತೆಳು ಉಗುರಿಗೆ ಒಳ್ಳೆಯದು, ಕಡಿಮೆ ಬಲ ಸಾಕು. ದಪ್ಪ ಉಗುರಿಗೆ ಬೇಡ. ಸುತ್ತಿಕೊಂಡ ಹೆಬ್ಬೆರಳಿನ ಉಗುರಂತೂ ಆ ತೂತಿನೊಳಗೆ ಹೋಗುವುದೇ ಇಲ್ಲ. ಅಲಗು ಬೇಗ ಮೊಂಡಾಗುತ್ತದೆ, ಆದ್ದರಿಂದ ಬದಲಿ ಅಲಗು ಸಿಗುವ ಮಾದರಿ ಮಾತ್ರ ಕೊಳ್ಳಿ. ನಾಯಿ ಕಾಲು ಕೊಸರುವ ಜಾತಿಯದಾದರೆ ತೂತಿನಲ್ಲಿ ಸಿಕ್ಕಿಕೊಂಡ ಉಗುರು ತಿರುಚಿಕೊಳ್ಳುವ ಅಪಾಯವೂ ಇದೆ.

ಗ್ರೈಂಡರ್: ಯಾರಿಗೆ ಬೇಕು, ಯಾರಿಗೆ ಬೇಡ

ಬ್ಯಾಟರಿಯಲ್ಲಿ ತಿರುಗುವ ಉರುಟು ಕಲ್ಲು ಅಥವಾ ಪಾಲಿಶ್ ಪೇಪರ್ ಸುತ್ತಿದ ರೋಲರ್ ಇದು. ಕತ್ತರಿಸುವುದಿಲ್ಲ, ತೇಯುತ್ತದೆ. ದಪ್ಪ ಕಪ್ಪು ಉಗುರಿನ ದೊಡ್ಡ ನಾಯಿಗೆ ಇದರಷ್ಟು ಒಳ್ಳೆ ಸಲಕರಣೆ ಇಲ್ಲ. ಸ್ವಲ್ಪ ಸ್ವಲ್ಪವೇ ತೇಯುವುದರಿಂದ ತಿರುಳಿನ ಹತ್ತಿರ ಬಂದದ್ದು ಕಣ್ಣಿಗೆ ಬೀಳುತ್ತದೆ. ಹಿಂದೊಮ್ಮೆ ಕತ್ತರಿಯಿಂದ ನೋವು ತಿಂದು ಕತ್ತರಿ ಕಂಡರೇ ಓಡುವ ನಾಯಿಗೂ ಇದು ದಾರಿ.

ಆದರೆ ಸದ್ದು, ನಡುಕ, ಬಿಸಿ, ಧೂಳು ನಾಲ್ಕೂ ಜೊತೆಗೆ ಬರುತ್ತವೆ. ಮಿಕ್ಸರ್ ಹಚ್ಚಿದರೆ ಮಂಚದ ಕೆಳಗೆ ಹೋಗುವ ನಾಯಿಗೆ ಗ್ರೈಂಡರ್ ತರುವ ಮೊದಲು ಯೋಚಿಸಿ. ದೀಪಾವಳಿ ಪಟಾಕಿಯ ವಾರದಲ್ಲಿ ಹೊಸ ಗ್ರೈಂಡರ್ ಪರಿಚಯ ಮಾಡಿಸಲು ಹೋಗಲೇಬೇಡಿ.

ಕೊಳ್ಳುವುದಾದರೆ ಕನಿಷ್ಠ ಎರಡು ವೇಗ ಇರಲಿ. ವೈರ್ ಇಲ್ಲದ, ಚಾರ್ಜ್ ಮಾಡುವಂಥದು ಒಳ್ಳೆಯದು. ವೈರ್ ಇದ್ದರೆ ನಾಯಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಮಧ್ಯೆ ಕರೆಂಟ್ ಹೋದರೆ ಎರಡು ಕಾಲು ಆಗಿ ಎರಡು ಹಾಗೇ ಉಳಿಯುತ್ತದೆ. ಅಂಗಡಿಯಲ್ಲಿ ಆನ್ ಮಾಡಿಸಿ ಕಿವಿಯ ಹತ್ತಿರ ಹಿಡಿದು ಕೇಳಿ. ನಿಮಗೇ ಕಿರಿಕಿರಿ ಅನಿಸಿದರೆ ನಾಯಿಗೆ ಇನ್ನೂ ಜಾಸ್ತಿ. ತೇಯುವ ತುದಿ ಬೇರೆ ಸಿಗುತ್ತದಾ ಅಂತಲೂ ವಿಚಾರಿಸಿ.

ಬಳಸುವಾಗ ಒಂದು ಉಗುರಿಗೆ ಒಮ್ಮೆಗೆ ಎರಡು ಮೂರು ಸೆಕೆಂಡ್ ಮಾತ್ರ ತಾಗಿಸಿ. ಅಲ್ಲೇ ಒತ್ತಿ ಹಿಡಿದರೆ ಬಿಸಿ ಒಳಗಿನ ತಿರುಳಿಗೆ ತಲುಪುತ್ತದೆ. ಪಾದದ ಕೂದಲು ಉದ್ದ ಇದ್ದರೆ ತಿರುಗುವ ತುದಿಗೆ ಸುತ್ತಿಕೊಳ್ಳುತ್ತದೆ. ಒಂದು ಹಳೆ ಕಾಲುಚೀಲ ಹಾಕಿ ಉಗುರು ಮಾತ್ರ ಹೊರಗೆ ಬರುವಂತೆ ತೂರಿಸಿದರೆ ಆ ತಂಟೆ ಇಲ್ಲ. ನಿಮ್ಮ ಜಡೆ, ಸೆರಗು, ದುಪಟ್ಟಾ ಕೂಡ ದೂರ ಇರಲಿ. ಉಗುರಿನ ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ, ಅಡುಗೆಮನೆಯಲ್ಲಿ ಮಾಡಬೇಡಿ.

ಅರ, ಪಾಲಿಶ್ ಪೇಪರ್ ಹಲಗೆ

ಕತ್ತರಿಸಿದ ಮೇಲೆ ಉಳಿಯುವ ಚೂಪು ಅಂಚು ಸೋಫಾ, ಸೀರೆ, ಮೈ ಎಲ್ಲವನ್ನೂ ಗೀರುತ್ತದೆ. ಅದಕ್ಕೊಂದು ಅರ ಬೇಕು. ಮನುಷ್ಯರ ಉಗುರಿಗೆ ಬಳಸುವ ಗಾಜಿನ ಅರ ಅಥವಾ ನಾಯಿಗೆಂದೇ ಮಾಡಿದ್ದು, ಎರಡೂ ನಡೆಯುತ್ತವೆ. ಕಬ್ಬಿಣ ತೇಯುವ ದೊಡ್ಡ ಹಲ್ಲಿನ ಕಾನಸ್ ಬೇಡ.

ಕಾಲು ಮುಟ್ಟಗೊಡದ ನಾಯಿಗೆ ಒಂದು ಒಳ್ಳೆ ಉಪಾಯ ಇದೆ, ನಮ್ಮಲ್ಲಿ ಬಳಸುವವರು ಕಡಿಮೆ. ಮೊಳದುದ್ದದ, ಗೇಣು ಅಗಲದ ಹಲಗೆಗೆ ಪಾಲಿಶ್ ಪೇಪರ್ ಅಂಟಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ನಂಬರ್ ಹೇಳಿ ಕೇಳಿ: ದೊಡ್ಡ ನಾಯಿಗೆ 80, ಸಣ್ಣದಕ್ಕೆ 120. ನಂಬರ್ ಕಡಿಮೆಯಾದಷ್ಟು ಪೇಪರ್ ಒರಟು. ಹಲಗೆಯನ್ನು ಓರೆಯಾಗಿ ಹಿಡಿದು, ಅದರ ಕೆಳಗೆ ತಿಂಡಿ ಇಟ್ಟು ಮುಂಗಾಲಲ್ಲಿ ಕೆರೆಯಲು ಕಲಿಸಿ. ಕೆರೆದಾಗಲೆಲ್ಲ ಒಂದು ಚೂರು ತಿಂಡಿ. ನಾಯಿ ತನ್ನ ಉಗುರನ್ನು ತಾನೇ ತೇದುಕೊಳ್ಳುತ್ತದೆ. ಹಿಂಗಾಲಿಗೆ ಕಲಿಸುವುದು ಕಷ್ಟ. ಹೆಬ್ಬೆರಳಿನ ಉಗುರಿಗೆ ಇದು ತಾಗುವುದೂ ಇಲ್ಲ. ಅವೆರಡಕ್ಕೆ ಕತ್ತರಿಯೇ ಗತಿ. ಕೆರೆಯುವ ಉಮೇದಿನಲ್ಲಿ ಪಾದದಡಿಯ ಮೆತ್ತೆ ತರಚಿಕೊಳ್ಳದಂತೆ ಕಣ್ಣಿಟ್ಟಿರಿ.

ಮನೆಯಲ್ಲಿದೆ ಅಂತ ಬಳಸಬಾರದವು

ಅಡಕತ್ತರಿ ನೋಡಲು ಹೆಚ್ಚುಕಡಿಮೆ ಇದೇ ಕೆಲಸಕ್ಕೆ ಮಾಡಿದ ಹಾಗಿದೆ. ಅದಕ್ಕೇ ಕೈ ಅದರ ಕಡೆ ಹೋಗುತ್ತದೆ. ಬೇಡ. ಅದು ಒಂದು ಕಡೆಯಿಂದ ಒತ್ತಿ ಒಡೆಯುವ ಸಾಧನ, ಉಗುರು ಸೀಳುತ್ತದೆ. ವೈರ್ ಕಟ್ಟರ್, ಹೊಲಿಗೆ ಕತ್ತರಿ, ಬ್ಲೇಡ್ ಕೂಡ ಬೇಡ. ನಮ್ಮ ನೇಲ್ ಕಟರ್ ಎರಡು ಮೂರು ತಿಂಗಳ ಮರಿಯ ಎಳೆ ಉಗುರಿಗೆ ಮಾತ್ರ ಆದೀತು. ಅದರ ಬಾಯಿ ಚಪ್ಪಟೆ, ನಾಯಿಯ ಉಗುರು ಉರುಟು, ಬೆಳೆದ ನಾಯಿಗೆ ಹಚ್ಚಿದರೆ ಹಿಸುಕುತ್ತದೆ.

ರಕ್ತ ನಿಲ್ಲಿಸುವುದು ಮೊದಲು ಕೊಳ್ಳಿ, ಕತ್ತರಿ ಆಮೇಲೆ

ಎಷ್ಟೇ ಜಾಣರಿದ್ದರೂ ಒಂದಿನ ತಿರುಳಿಗೆ ತಾಗುತ್ತದೆ. ಆಗ ಹುಡುಕಾಡುವಂತಿರಬಾರದು. ಸ್ಟಿಪ್ಟಿಕ್ ಪೌಡರ್ ಅಂತ ಪೆಟ್ ಶಾಪ್, ಪಶು ಔಷಧಿ ಅಂಗಡಿಗಳಲ್ಲಿ ಕೇಳಿ. ಇದರಲ್ಲಿ ಸಾಮಾನ್ಯವಾಗಿ ಫೆರಿಕ್ ಸಬ್‌ಸಲ್ಫೇಟ್ ಇರುತ್ತದೆ, ಅದು ರಕ್ತವನ್ನು ಬೇಗ ಹೆಪ್ಪುಗಟ್ಟಿಸುತ್ತದೆ. ಚಿಟಿಕೆ ಪುಡಿಯನ್ನು ಉಗುರಿನ ತುದಿಗೆ ಒತ್ತಿ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಡದೆ ಹಿಡಿಯಿರಿ. ಮಧ್ಯೆ ಮಧ್ಯೆ ತೆಗೆದು ನೋಡಿದರೆ ಹೆಪ್ಪು ಕಿತ್ತು ಬರುತ್ತದೆ. ಸ್ವಲ್ಪ ಉರಿಯುತ್ತದೆ, ನಾಯಿ ಕಾಲು ಎಳೆದೀತು.

ಅದು ಸಿಗದಿದ್ದರೆ ಕ್ಷೌರದಂಗಡಿಯಲ್ಲಿ ಗಡ್ಡ ಮಾಡಿದ ಮೇಲೆ ತಿಕ್ಕುವ ಪಟಿಕದ ಪುಡಿ ಇಟ್ಟುಕೊಳ್ಳಿ. ಕಾರ್ನ್‌ಫ್ಲೋರ್ ಕೂಡ ಸಣ್ಣ ಗಾಯಕ್ಕೆ ಆಗುತ್ತದೆ. ಅರಿಶಿನ ನಮ್ಮ ಮೊದಲ ಮದ್ದು, ನಿಜ. ಆದರೆ ಉಗುರಿನಿಂದ ಹರಿಯುವ ರಕ್ತ ನಿಲ್ಲಿಸಲು ಅದನ್ನು ನೆಚ್ಚಬೇಡಿ. ಯಾವ ಪುಡಿ ಹಚ್ಚಿದರೂ ನಾಯಿ ನೆಕ್ಕದಂತೆ ಸ್ವಲ್ಪ ಹೊತ್ತು ಹಿಡಿದಿರಿ, ಆಮೇಲೆ ಒಂದೆರಡು ತಾಸು ಮಣ್ಣಲ್ಲಿ ಓಡಲು ಬಿಡಬೇಡಿ.

ಅಂಗಡಿಯಲ್ಲಿ ಮಾಡುವ ಪರೀಕ್ಷೆ

ಜೇಬಿನಲ್ಲಿ ತೆಂಗಿನ ಕಸಬರಿಗೆಯ ಎರಡು ಕಡ್ಡಿ ಇಟ್ಟುಕೊಂಡು ಹೋಗಿ. ನಗಬೇಡಿ. "ಪ್ಯಾಕ್ ಬಿಚ್ಚಿ ತೋರಸ್ರಿ" ಅಂತ ಹೇಳಿ ಕಡ್ಡಿ ಕತ್ತರಿಸಿ ನೋಡಿ. ಒಂದೇ ಒತ್ತಿಗೆ ಸ್ವಚ್ಛವಾಗಿ ತುಂಡಾಗಬೇಕು. ತುದಿ ನಾರುನಾರಾಗಿ ಜಜ್ಜಿದ್ದರೆ ಆ ಕತ್ತರಿ ಉಗುರನ್ನೂ ಹಾಗೇ ಮಾಡುತ್ತದೆ. ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ, ಎರಡು ಅಲಗಿನ ನಡುವೆ ಸಂದು ಕಂಡರೆ ವಾಪಸ್ ಕೊಡಿ. ತಿರುಗುಣಿಯ ಹತ್ತಿರ ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ದಪ್ಪ ಉಗುರಿಗೆ ಹಿಡಿದಾಗ ಅಲಗು ಓರೆಯಾಗುತ್ತದೆ. ಪ್ಯಾಕ್ ಬಿಚ್ಚಲು ಒಪ್ಪದ ಅಂಗಡಿಯಲ್ಲಿ ನಾನಂತೂ ಕೊಳ್ಳುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ್ದಾದರೆ ಇದೇ ಪರೀಕ್ಷೆ ಮನೆಯಲ್ಲಿ, ವಾಪಸ್ ಕಳಿಸುವ ದಿನ ಮುಗಿಯುವ ಮೊದಲು.

ನಾಯಿಗೆ ಪರಿಚಯ ಮಾಡಿಸಿ

ತಂದ ದಿನವೇ ಕತ್ತರಿಸಲು ಕೂತರೆ ಎಲ್ಲ ಕೆಡುತ್ತದೆ. ಮೊದಲ ಕೆಲವು ದಿನ ಪಾದ ಮುಟ್ಟುವುದು, ಬೆರಳು ಒತ್ತಿ ಉಗುರು ಹೊರಗೆ ತರುವುದು, ತಿಂಡಿ ಕೊಡುವುದು, ಅಷ್ಟೇ. ಆಮೇಲೆ ಕತ್ತರಿಯನ್ನು ಮೂಸಲು ಬಿಡಿ. ಗ್ರೈಂಡರ್ ಆದರೆ ಮೊದಲು ದೂರದಲ್ಲಿ ಆನ್ ಮಾಡಿ, ದಿನದಿಂದ ದಿನಕ್ಕೆ ಹತ್ತಿರ ತನ್ನಿ. ಬಂದ್ ಇರುವಾಗ ಅದರ ಹಿಂಭಾಗವನ್ನು ಉಗುರಿಗೆ ತಾಗಿಸಿ. ಒಂದು ಹಂತದಲ್ಲಿ ನಾಯಿ ಕಾಲು ಹಿಂದಕ್ಕೆ ಎಳೆದರೆ ಒಂದು ಹೆಜ್ಜೆ ಹಿಂದೆ ಹೋಗಿ.

ಮುಧೋಳ ನಾಯಿ ಸಾಕಿದವರಿಗೆ ಈ ಹಂತ ಇನ್ನೂ ಮುಖ್ಯ. ಅದು ಓಡುವ ನಾಯಿ, ಪಾದ ಉದ್ದ, ಚರ್ಮ ತೆಳು. ಹೊರಗಿನವರು ಮುಟ್ಟುವುದು ಅದಕ್ಕೆ ಅಷ್ಟಾಗಿ ಸೇರುವುದಿಲ್ಲ. ಬಲವಂತವಾಗಿ ಒತ್ತಿ ಹಿಡಿದರೆ ಮುಂದಿನ ಸಲ ಹತ್ತಿರವೇ ಬರುವುದಿಲ್ಲ. ಮನೆಯವರಲ್ಲಿ ಅದಕ್ಕೆ ಯಾರು ಹೆಚ್ಚು ಬಳಕೆಯೋ ಅವರೇ ಕೂರಲಿ.

ತಿಂಡಿಗೆ ಬೇಯಿಸಿದ ಮೊಟ್ಟೆಯ ಚೂರು, ಉಪ್ಪು ಖಾರ ಇಲ್ಲದ ಕೋಳಿ ಮಾಂಸ, ಜೋಳದ ರೊಟ್ಟಿಯ ತುಣುಕು ಸಾಕು. ಧಾರವಾಡ ಪೇಡೆ ನಿಮಗೆ, ನಾಯಿಗಲ್ಲ. ಒಣದ್ರಾಕ್ಷಿ, ಚಾಕೊಲೇಟ್ ಅದಕ್ಕೆ ವಿಷ.

ಕತ್ತರಿಸುವ ಕ್ರಮ

1. ಬೆಳಕಿರುವ ಜಾಗ, ಹಗಲು ಹೊತ್ತು. ನುಣುಪು ಫರಸಿ, ಟೈಲ್ಸ್ ಮೇಲೆ ಒಂದು ಚಾಪೆ ಅಥವಾ ಜಮಖಾನೆ ಹಾಸಿ. ವಾಕಿಂಗ್ ಮುಗಿಸಿ ದಣಿದ ನಾಯಿ ಸುಲಭ.

2. ಪುಡಿಯ ಡಬ್ಬಿ ಮುಚ್ಚಳ ತೆಗೆದು ಪಕ್ಕದಲ್ಲಿಡಿ. ಒಬ್ಬರು ತಿಂಡಿ ಕೊಡುತ್ತ ಮುಂದೆ ಕೂರಲಿ, ಒಬ್ಬರು ಕತ್ತರಿ ಹಿಡಿಯಲಿ.

3. ಪಾದವನ್ನು ಬಿಗಿಯಾಗಿ ಅಲ್ಲ, ಭದ್ರವಾಗಿ ಹಿಡಿಯಿರಿ. ಕಾಲನ್ನು ಪಕ್ಕಕ್ಕೆ ಎಳೆಯಬೇಡಿ, ಅದು ಮಡಚುವ ದಿಕ್ಕಿನಲ್ಲೇ ಎತ್ತಿ. ವಯಸ್ಸಾದ ನಾಯಿಗೆ ಕೀಲು ನೋವಿರುತ್ತದೆ, ಮಲಗಿಸಿಯೇ ಮಾಡಿ.

4. ಬಿಳಿ ಉಗುರಾದರೆ ಗುಲಾಬಿ ಭಾಗಕ್ಕಿಂತ ಎರಡು ಮಿಲಿಮೀಟರ್ ಮುಂದೆ, 45 ಡಿಗ್ರಿ ಓರೆಯಲ್ಲಿ ಕತ್ತರಿಸಿ.

5. ಕಪ್ಪು ಉಗುರಾದರೆ ಒಂದೇ ಸಲ ದೊಡ್ಡ ತುಂಡು ತೆಗೆಯಬೇಡಿ. ಒಂದು ಮಿಲಿಮೀಟರ್ ತೆಗೆದು ಕತ್ತರಿಸಿದ ಮುಖವನ್ನು ನೋಡಿ. ಮೊದಮೊದಲು ಒಣಗಿದ ಸುಣ್ಣದಂಥ ಬಣ್ಣ ಕಾಣುತ್ತದೆ. ಇನ್ನೂ ಒಳಗೆ ಹೋದಂತೆ ನಡುವೆ ಒಂದು ಗಾಢ, ಹಸಿಹಸಿ ಚುಕ್ಕೆ ಬರುತ್ತದೆ. ಅಲ್ಲಿಗೆ ನಿಲ್ಲಿಸಿ, ಅದರ ಹಿಂದೆಯೇ ತಿರುಳಿದೆ.

6. ಅರದಿಂದ ಅಂಚು ನುಣುಪು ಮಾಡಿ. ನಾಯಿ ಮುನಿದರೆ ಅಲ್ಲಿಗೇ ಬಿಟ್ಟು ನಾಳೆ ಇನ್ನೊಂದು ಪಾದ. ಎಲ್ಲ ಉಗುರೂ ಇವತ್ತೇ ಆಗಬೇಕು ಅಂತ ಯಾರೂ ಹೇಳಿಲ್ಲ.

ಮೂರು ನಾಲ್ಕು ವಾರಕ್ಕೊಮ್ಮೆ ಸಾಮಾನ್ಯವಾಗಿ ಸಾಕು. ಬಹಳ ಉದ್ದ ಬೆಳೆದ ಉಗುರನ್ನು ಒಮ್ಮೆಗೇ ಸರಿ ಮಾಡಲಾಗದು. ವಾರಕ್ಕೊಮ್ಮೆ ತುದಿ ಮಾತ್ರ ತೆಗೆಯುತ್ತ ಬಂದರೆ ತಿರುಳೂ ನಿಧಾನವಾಗಿ ಹಿಂದೆ ಸರಿಯುತ್ತದೆ.

ಕತ್ತರಿ ಇಟ್ಟು ವೈದ್ಯರ ಬಳಿ ಹೋಗಬೇಕಾದಾಗ

ಉಗುರು ಚರ್ಮದೊಳಗೆ ಹೊಕ್ಕಿದ್ದರೆ, ಬುಡದವರೆಗೆ ಸೀಳಿದ್ದರೆ, ಬೆರಳು ಊದಿದ್ದರೆ, ಕುಂಟುತ್ತಿದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಪುಡಿ ಒತ್ತಿ ಹಿಡಿದರೂ ಹತ್ತು ಹದಿನೈದು ನಿಮಿಷದಲ್ಲಿ ರಕ್ತ ನಿಲ್ಲದಿದ್ದರೆ ಕೂಡಲೇ ಹೊರಡಿ.

ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ಉಣ್ಣೆಯಿಂದ ಬರುವ ಜ್ವರ, ಅಂದರೆ ಟಿಕ್ ಫೀವರ್, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ಕಡಿಮೆ ಮಾಡುತ್ತದೆ. ಇತ್ತೀಚೆಗೆ ನಿಮ್ಮ ನಾಯಿಗೆ ಅದು ಬಂದಿದ್ದರೆ ಅಥವಾ ನಾಯಿ ಮಂಕಾಗಿ, ಊಟ ಬಿಟ್ಟು, ಮೈಮೇಲೆ ಉಣ್ಣೆ ಇದ್ದರೆ ಉಗುರಿನ ಕೆಲಸ ಮುಂದೂಡಿ. ವೈದ್ಯರು ಸರಿ ಅಂದ ಮೇಲೆ ಮಾಡಿ. ಗಾಯವಾಯಿತೆಂದು ನಿಮ್ಮ ಮನೆಯ ನೋವಿನ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನಾಯಿಗೆ ಅಪಾಯ.

ಕೆಲಸದ ನಡುವೆ ನಾಯಿ ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಮನೆ ನಾಯಿ ಅಂತ ಸಡಿಲ ಬಿಡಬೇಡಿ. ಅದರ ರೇಬೀಸ್ ಲಸಿಕೆಯ ಕಾರ್ಡ್ ಜೊತೆಗಿರಲಿ.

ಸಲಕರಣೆ ಬಾಳಿಕೆ ಬರಲು

ಪ್ರತಿ ಸಲ ಬಳಸಿದ ಮೇಲೆ ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿ. ಧಾರವಾಡದ ಜಿಟಿಜಿಟಿ ಮಳೆಯ ತಿಂಗಳಲ್ಲಿ ಸ್ಪ್ರಿಂಗ್‌ಗೂ ತಿರುಗುಣಿಗೂ ತುಕ್ಕು ಬೇಗ ಹಿಡಿಯುತ್ತದೆ. ಹೊಲಿಗೆ ಮಷಿನ್ನಿನ ಎಣ್ಣೆ ಒಂದು ಹನಿ ಬಿಟ್ಟು ನಾಲ್ಕು ಸಲ ಆಡಿಸಿ ಒರೆಸಿಡಿ. ಮೊಂಡಾದ ಇಕ್ಕಳದ ಕತ್ತರಿಯನ್ನು ಸಾಣೆ ಹಿಡಿಯುವವರಿಗೆ ಕೊಟ್ಟು ಪ್ರಯೋಜನ ಕಡಿಮೆ. ಚಾಕುವಿನಂತೆ ನೇರ ಅಲಗಲ್ಲ ಅದು, ಸಾಣೆಕಲ್ಲಿಗೆ ಹಿಡಿದರೆ ಬಾಗು ಕೆಟ್ಟು ಎರಡು ಅಲಗು ಕೂಡುವುದಿಲ್ಲ. ಕಸಬರಿಗೆ ಕಡ್ಡಿ ಜಜ್ಜತೊಡಗಿದರೆ ಹೊಸದು ತನ್ನಿ. ಗ್ರೈಂಡರ್‌ನ ಪಾಲಿಶ್ ರೋಲರ್ ನುಣುಪಾದರೆ ತೇಯುವ ಬದಲು ಬರೀ ಬಿಸಿ ಮಾಡುತ್ತದೆ, ಅದನ್ನೂ ಬದಲಿಸಿ. ಒಂದಕ್ಕಿಂತ ಹೆಚ್ಚು ನಾಯಿ ಇದ್ದು ಒಂದಕ್ಕೆ ಉಗುರಿನ ಸೋಂಕಿದ್ದರೆ ಅದರ ಕತ್ತರಿ, ಅರ ಎರಡೂ ಬೇರೆ ಇಡಿ.